ತಂತಿಗೆ ಚುಚ್ಚಿದ ಕಾಗದಗಳು

ಧಾರವಾಡ ಜಿಲ್ಲೆಯ ಹಳ್ಳಿಗಳ ಹಳೆಯ ಮನೆಗಳಲ್ಲಿ ಪಡಸಾಲೆಯ ಕಂಬಕ್ಕೊಂದು ಗೂಟ, ಆ ಗೂಟಕ್ಕೊಂದು ಬಾಗಿದ ತಂತಿ ಇರುತ್ತಿತ್ತು. ತಂತಿಯ ಕೆಳತುದಿಯಲ್ಲಿ ಮರದ ಬಿಲ್ಲೆ. ಮೇಲ್ತುದಿ ಸೂಜಿಯಂತೆ ಚೂಪು. ಅಂಚೆಯವನು ತಂದುಕೊಟ್ಟ ಕಾಗದವನ್ನು ಓದಿಯಾದ ಮೇಲೆ ಮನೆಯ ಯಜಮಾನರು ಅದನ್ನು ಆ ತಂತಿಗೆ ಚುಚ್ಚಿ ಕೈತೊಳೆದುಕೊಳ್ಳುತ್ತಿದ್ದರು. ಮೊದಲು ಬಂದುದು ಕೆಳಗೆ, ಆಮೇಲೆ ಬಂದುದು ಮೇಲೆ. ಹೀಗೆ ಒಂದು ತಂತಿ ತುಂಬಲು ಹತ್ತಾರು ವರ್ಷಗಳು ಬೇಕಾಗುತ್ತಿದ್ದವು. ತುಂಬಿದ ತಂತಿಯನ್ನು ಅಟ್ಟಕ್ಕೆ ಏರಿಸಿ ಹೊಸದೊಂದನ್ನು ಗೂಟಕ್ಕೆ ತೂಗುಹಾಕುತ್ತಿದ್ದರು. ಇದೊಂದು ಶಾಸ್ತ್ರವೆಂದಾಗಲಿ, ಇತಿಹಾಸದ ರಕ್ಷಣೆಯೆಂದಾಗಲಿ ಯಾರೂ ಎಣಿಸಿರಲಿಲ್ಲ. ಆದರೂ ಕಾಲಾನುಕ್ರಮದಲ್ಲಿ ಒಂದು ಮನೆತನದ ಸುಖದುಃಖಗಳನ್ನು ಪೋಣಿಸಿಟ್ಟ ಆ ತಂತಿಯು ಒಂದು ಸಣ್ಣ ಪತ್ರಾಗಾರವೇ ಆಗಿತ್ತು.

ಆ ಕಾಗದಗಳಲ್ಲಿ ಏನಿರುತ್ತಿತ್ತು? ದೊಡ್ಡ ಸಂಗತಿಗಳೇನೂ ಇಲ್ಲ. 'ತೀರ್ಥರೂಪರ ಚರಣಗಳಲ್ಲಿ ಸಾಷ್ಟಾಂಗ ನಮಸ್ಕಾರಗಳು' ಎಂದು ಮೊದಲಾಗಿ, 'ಇತ್ತ ಕ್ಷೇಮ, ತಮ್ಮ ಕ್ಷೇಮಕ್ಕೆ ಬರೆಯುತ್ತಿರಬೇಕು' ಎಂದು ಮುಂದುವರಿದು, ಅನಂತರ ನಾಲ್ಕಾರು ಸಾಲುಗಳಲ್ಲಿ ವಿಷಯ ಮುಗಿಯುತ್ತಿತ್ತು. ರೋಹಿಣಿ ಮಳೆ ಬಂತೋ ಇಲ್ಲವೋ, ಹತ್ತಿಯ ಧಾರಣೆ ಏರಿತೋ ಇಳಿಯಿತೋ, ಎತ್ತು ಕೊಂಡರೋ, ತಂಗಿಗೆ ಗಂಡು ಗೊತ್ತಾಯಿತೋ, ಇಷ್ಟೇ. ಮದುವೆಯ ಕಾಗದವಾಗಿದ್ದರೆ ನಾಲ್ಕು ಮೂಲೆಗಳಿಗೆ ಅರಿಸಿನ. ಸಾವಿನ ಸುದ್ದಿ ತಂದ ಕಾರ್ಡು ಮಾತ್ರ ಆ ತಂತಿಗೆ ಏರುತ್ತಿರಲಿಲ್ಲ. ಅದನ್ನು ಓದಿದೊಡನೆಯೇ ಹರಿದುಹಾಕುವುದು ರೂಢಿ. ಅಂಥ ಕಾಗದ ಮನೆಯಲ್ಲಿ ಉಳಿಯಬಾರದೆಂದು ಹಿರಿಯರ ನಂಬಿಕೆ. ಆದುದರಿಂದ ಈ ತಂತಿಗಳನ್ನು ಓದಲು ಹೊರಟವರಿಗೆ ಒಂದು ವಿಚಿತ್ರ ಅನುಭವವಾಗುತ್ತದೆ. ಅಲ್ಲಿ ಹುಟ್ಟುಗಳಿವೆ, ಮದುವೆಗಳಿವೆ, ಪರೀಕ್ಷೆಯ ಫಲಿತಾಂಶಗಳಿವೆ; ಸಾವುಗಳಿಲ್ಲ. ಒಬ್ಬರ ಕೈಬರಹ ಹಲವು ವರ್ಷ ತಪ್ಪದೆ ಬರುತ್ತಿದ್ದು ಒಮ್ಮೆಲೆ ನಿಂತುಹೋಗುತ್ತದೆ. ಆ ಮೌನದಿಂದಲೇ ಓದುಗನು ನಡೆದುದನ್ನು ತಿಳಿದುಕೊಳ್ಳಬೇಕು.

ಭಾರತದಲ್ಲಿ ಅಂಚೆ ಕಾರ್ಡು ಬಂದುದು 1879ನೆಯ ಇಸವಿಯ ಜುಲೈ 1ರಂದು. ಅದರ ಬೆಲೆ ಕಾಲಾಣೆ. ಅಷ್ಟು ಅಗ್ಗದ ಬೆಲೆಗೆ ದೇಶದ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಮಾತು ಕಳುಹಿಸುವ ಅನುಕೂಲ ಬಡವರಿಗೆ ಅದಕ್ಕಿಂತ ಮೊದಲು ಇರಲಿಲ್ಲ. ಮಡಿಸಿ ಅಂಟಿಸುವ ಅಂತರ್ದೇಶೀಯ ಪತ್ರ 1950ರ ಅಕ್ಟೋಬರ್ 2ರಂದು ಬಂದಿತು. ಕಾರ್ಡಿನ ಮಾತನ್ನು ದಾರಿಯಲ್ಲಿ ಯಾರು ಬೇಕಾದರೂ ಓದಬಹುದು. ಮಡಿಸಿದ ಪತ್ರದ ಮಾತು ಗುಟ್ಟಾಗಿರುತ್ತದೆ. ವಿಳಾಸದ ಕೊನೆಗೆ ಆರು ಅಂಕಿಗಳ ಪಿನ್ ಕೋಡ್ ಬರೆಯುವ ಪದ್ಧತಿ 1972ರ ಆಗಸ್ಟ್ 15ರಂದು ಆರಂಭವಾಯಿತು. ಬರೆದವರು ತಾರೀಖು ಹಾಕುವುದನ್ನು ಮರೆತಿದ್ದರೂ ಈ ಗುರುತುಗಳು ಮರೆಯುವುದಿಲ್ಲ. ಅಂಚೆಯ ಮುದ್ರೆಯಲ್ಲಿ ಊರಿದೆ, ದಿನವಿದೆ. ಚೀಟಿಯ ಬೆಲೆಯಿಂದ ಕಾಲವನ್ನು ಊಹಿಸಬಹುದು. ಪಿನ್ ಕೋಡ್ ಇದ್ದರೆ ಪತ್ರ 1972ರ ಆಗಸ್ಟಿಗಿಂತ ಹಿಂದಿನದಲ್ಲವೆಂಬುದು ನಿಶ್ಚಯ. ಹಳೆಯ ಕಾಗದವು ತನ್ನ ಜಾತಕವನ್ನು ತಾನೇ ಬೆನ್ನಿನ ಮೇಲೆ ಹೊತ್ತುಕೊಂಡಿರುತ್ತದೆ.

ಇಂಥ ಒಂದು ಗಂಟು ಕುಂದಗೋಳ ತಾಲೂಕಿನ ಒಂದು ಹಳ್ಳಿಯ ಮನೆಯಲ್ಲಿ ಇತ್ತು. ಅದು ತಂತಿಯಲ್ಲಿರಲಿಲ್ಲ, ಕಪ್ಪು ಬಣ್ಣದ ಕಬ್ಬಿಣದ ಟ್ರಂಕಿನಲ್ಲಿತ್ತು. ಟ್ರಂಕಿನ ಮುಚ್ಚಳದ ಮೇಲೆ ಬಿಳಿಯ ಬಣ್ಣದಿಂದ ಒಂದು ಹೆಸರು, ಒಂದು ಸಂಖ್ಯೆ. ಆ ಮನೆಯ ಹಿರಿಯರು ಸೈನ್ಯದಲ್ಲಿ ಹದಿನೈದು ವರ್ಷ ಸೇವೆ ಸಲ್ಲಿಸಿ, 1965 ಮತ್ತು 1971ರ ಯುದ್ಧಗಳನ್ನು ಕಂಡು, ಮರಳಿ ಬಂದು ಹೊಲದ ಕೆಲಸದಲ್ಲಿ ಆಯುಷ್ಯವನ್ನು ಕಳೆದು ತೀರಿಕೊಂಡಿದ್ದರು. ಅವರು ಗಡಿಯಿಂದ ಬರೆದ ಕಾಗದಗಳು ಆ ಪೆಟ್ಟಿಗೆಯಲ್ಲಿದ್ದವು. ಮನೆಯಾದರೋ ಮಣ್ಣಿನ ಮೇಲ್ಮುದ್ದೆಯ ಹಳೆಯ ಮನೆ. ಎರೆಭೂಮಿಯ ಸೀಮೆಯಲ್ಲಿ ಮಳೆ ಹಿಡಿದರೆ ಇಂಥ ಮಾಳಿಗೆಗಳು ಸೋರುವುದು ಸಾಮಾನ್ಯ. ಮಳೆಗಾಲಕ್ಕೆ ಮೊದಲು ಅದನ್ನು ಕೆಡವಿ ಸಿಮೆಂಟಿನ ಮನೆ ಕಟ್ಟಿಸಬೇಕೆಂದು ಮಕ್ಕಳು ನಿಶ್ಚಯಿಸಿದರು. ಅಟ್ಟದ ಸಾಮಾನುಗಳೆಲ್ಲ ಅಂಗಳಕ್ಕೆ ಇಳಿದವು. ಮುರಿದ ಕೂರಿಗೆ, ತೂತುಬಿದ್ದ ಕೊಪ್ಪರಿಗೆ, ಹಳೆಯ ಪಂಚಾಂಗಗಳು, ಅವುಗಳ ನಡುವೆ ಟ್ರಂಕು. 'ಹಳೇ ರದ್ದಿ, ಹಂಡೇದ ಒಲೀಗೆ ಹಾಕ್ರಿ' ಎಂದು ಯಾರೋ ಹೇಳಿದರು.

ಆ ಮಾತು ಕೇಳಿ ಕಟ್ಟೆಯ ಮೇಲೆ ಕುಳಿತಿದ್ದ ಮುದುಕಿ ಎದ್ದು ಬಂದು ಟ್ರಂಕಿನ ಮೇಲೆ ಕೈಯಿಟ್ಟಳು. ಆಕೆಗೆ ಎಂಬತ್ತು ವರ್ಷ. ಓದು ಬರಹ ಬಾರದು. ಒಂಬತ್ತನೆಯ ಇಯತ್ತೆಯಲ್ಲಿ ಓದುತ್ತಿದ್ದ ಮೊಮ್ಮಗ ಪಕ್ಕದಲ್ಲಿಯೇ ಇದ್ದನು.

"ತಮ್ಮಾ, ಇವು ನಿಮ್ಮ ಅಜ್ಜನ ಕಾಗದ ಅದಾವ. ಒಲೀಗೆ ಹಾಕೂವಲ್ಲ. ನಾ ಹ್ವಾದ ಮ್ಯಾಲೆ ನನ್ನ ಜೋಡಿ ಮಣ್ಣಾಗ ಇಟ್ಟಬಿಡ್ರಿ" ಎಂದಳು.

ಹುಡುಗನು ಟ್ರಂಕನ್ನು ತೆರೆದನು. ಕೆಲವು ಕಾಗದಗಳು ಮಾಳಿಗೆಯ ನೀರು ತಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಕೆಲವಕ್ಕೆ ಗೆದ್ದಲು ಹತ್ತಿ ಅಂಚುಗಳು ಜಾಳಾಗಿದ್ದವು. ಶಾಯಿಯಿಂದ ಬರೆದ ಸಾಲುಗಳು ಒಂದೆರಡು ಕಡೆ ಹರಡಿ ನೀಲಿಯ ಮೋಡಗಳಾಗಿದ್ದವು. ಆದರೂ ಬಹುಭಾಗ ಓದಲು ಬರುತ್ತಿತ್ತು. ಪ್ರತಿಯೊಂದರ ಮೇಲೂ ಕಳುಹಿಸಿದವರ ವಿಳಾಸವಾಗಿ 'ಕೇರಾಫ್ 56 ಎ.ಪಿ.ಓ.' ಎಂದು ಇದ್ದಿತು.

"ಆಯಿ, ಇದು ಯಾವೂರು?" ಎಂದು ಹುಡುಗ ಕೇಳಿದನು.

"ನಾನೂ ಹಂಗ ಕೇಳತಿದ್ದೆ. ಮಾಸ್ತರು ಅಂತಿದ್ರು, ಅದು ಊರಲ್ಲವಾ, ಸೈನ್ಯದ ಟಪಾಲು ಅಂತ. ಊರ ಹೆಸರ ಇಲ್ಲದ ಊರಾಗ ಇದ್ದಾರ ಅಂತ ತಿಳಕೊಂಡೆ."

ಸೈನಿಕರಿಗೆ ತಾವಿರುವ ಸ್ಥಳವನ್ನು ಮನೆಗೆ ತಿಳಿಸುವ ಅವಕಾಶವಿರಲಿಲ್ಲ. ಶತ್ರುವಿಗೆ ನೆಲೆ ತಿಳಿಯಬಾರದೆಂಬ ಎಚ್ಚರಿಕೆಯಿಂದ ಸೈನ್ಯದ ಅಂಚೆಯಲ್ಲಿ ಊರಿನ ಬದಲು ಸಂಖ್ಯೆಯನ್ನು ಬಳಸುತ್ತಾರೆ. ಕಾಶ್ಮೀರದ ಹಿಮದಲ್ಲಿದ್ದವನಿಗೂ ಪಂಜಾಬಿನ ಬಯಲಿನಲ್ಲಿದ್ದವನಿಗೂ ಹಳ್ಳಿಯವರು ಒಂದೇ ವಿಳಾಸಕ್ಕೆ ಬರೆಯುತ್ತಿದ್ದರು. ಹೀಗಾಗಿ ಆ ಕಾಗದಗಳಲ್ಲಿ ಯುದ್ಧವೇ ಇರಲಿಲ್ಲ. 'ಇಲ್ಲಿ ಚಳಿ ಬಹಳ', 'ನಾವೆಲ್ಲ ಆರಾಮ ಇದ್ದೇವೆ', 'ಹಣ ಕಳಿಸಿದೆ, ಮುಟ್ಟಿದ ಬಗ್ಗೆ ತಿಳಿಸುವುದು', ಇಷ್ಟರಲ್ಲಿಯೇ ಯುದ್ಧ ಮುಗಿದಿತ್ತು. ಆದರೆ ಹುಡುಗನ ಕಣ್ಣಿಗೆ ಇನ್ನೊಂದು ಸಂಗತಿ ಬಿದ್ದಿತು. ಪ್ರತಿಯೊಂದು ಕಾಗದವೂ ಅಜ್ಜನ ತಂದೆಗೆ ಬರೆದುದಾಗಿತ್ತು. ಆಯಿಯ ಹೆಸರು ಎಲ್ಲಿಯೂ ಇರಲಿಲ್ಲ. ಕೊನೆಯ ಸಾಲಿನಲ್ಲಿ ಮಾತ್ರ ಪ್ರತಿಸಲವೂ ಒಂದೇ ಮಾತು ಬರುತ್ತಿತ್ತು: 'ಹಿತ್ತಲ ನುಗ್ಗೆ ಗಿಡಕ್ಕೆ ತಪ್ಪದೆ ನೀರು ಹಾಕುವುದು.'

"ಅಜ್ಜಗ ನುಗ್ಗಿಕಾಯಿ ಅಂದ್ರ ಅಷ್ಟು ಪ್ರೀತಿ ಇತ್ತೇನು?" ಎಂದು ಅವನು ನಕ್ಕನು.

ಮುದುಕಿ ಬಹಳ ಹೊತ್ತು ಮಾತಾಡಲಿಲ್ಲ. ಅನಂತರ, "ಆ ಗಿಡ ನಾ ತವರಮನಿಂದ ತಂದು ಹಚ್ಚಿದ್ದೆ. ಕಾಗದ ಮಾಸ್ತರು ಓದತಿದ್ರು, ಅತ್ತಿ ಮಾವ ಮುಂದ ಕುಂತಿರತಿದ್ರು. ನಾ ಬಾಗಲ ಹಿಂದ ನಿಂತು ಕೇಳತಿದ್ದೆ. ಮತ್ತ ಹ್ಯಾಂಗ ಬರೀಬೇಕು ಅವರು?" ಎಂದಳು.

ಐವತ್ತು ವರ್ಷಗಳಿಗೂ ಹಿಂದಿನ ಗ್ರಾಮಜೀವನವನ್ನು ಕುರಿತು ದೊಡ್ಡ ಗ್ರಂಥಗಳು ಹೇಳಲಾರದುದನ್ನು ಈ ಒಂದು ಸಾಲು ಹೇಳುತ್ತದೆ. ಅಂದು ಎಷ್ಟೋ ಮನೆಗಳಲ್ಲಿ ಬರೆಯುವವರು ಒಬ್ಬರು, ಬರೆಸುವವರು ಇನ್ನೊಬ್ಬರು. ಓದುವವರು ಒಬ್ಬರು, ಕೇಳುವವರು ಹಲವರು. ಶಾಲೆಯ ಮಾಸ್ತರರೋ ಅಂಚೆಯವನೋ ಊರಿನ ಬಾಯಿಯೂ ಕಿವಿಯೂ ಆಗಿದ್ದರು. ಗಂಡಹೆಂಡಿರ ನಡುವಿನ ಮಾತು ಇಷ್ಟು ಜನರ ನಡುವೆ ಹಾದು ಹೋಗಬೇಕಾಗಿದ್ದುದರಿಂದ ಅದು ನುಗ್ಗೆಯ ಗಿಡದ ವೇಷವನ್ನು ತೊಟ್ಟಿತು. ಕಾಗದದ ಮೇಲಿನ ಅಕ್ಷರವನ್ನು ಹುಡುಗ ಓದಬಲ್ಲವನಾಗಿದ್ದನು. ಅದರ ಅರ್ಥವನ್ನು ಓದು ಬಾರದ ಮುದುಕಿಯೇ ಹೇಳಬೇಕಾಯಿತು. ಆಕೆಯಿಲ್ಲದೆ ಆ ಟ್ರಂಕು ಉಳಿದಿದ್ದರೂ ಒಳಗಿನ ಸಂಗತಿ ಅಳಿದುಹೋಗುತ್ತಿತ್ತು. ಹಳೆಯ ಪತ್ರಗಳನ್ನು ರಕ್ಷಿಸಬೇಕೆನ್ನುವವರು ಪತ್ರದ ಜೊತೆಗೆ ಅದನ್ನು ಬಲ್ಲವರ ಮಾತನ್ನೂ ರಕ್ಷಿಸಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಾಗಿಲ್ಲ.

ಸೈನಿಕರ ಪತ್ರಗಳು ಉಳಿದ ಬಗೆಯೂ ಲೋಕದಲ್ಲಿ ನಾನಾ ವಿಧವಾಗಿದೆ. ಮೊದಲನೆಯ ಮಹಾಯುದ್ಧದಲ್ಲಿ, 1914ರಿಂದ, ಭಾರತದ ಸಿಪಾಯಿಗಳು ಫ್ರಾನ್ಸಿನ ಕಂದಕಗಳಲ್ಲಿ ಹೋರಾಡಿದರು. ಅವರು ಮನೆಗೆ ಬರೆದ ಕಾಗದಗಳನ್ನು ಬ್ರಿಟಿಷ್ ಅಧಿಕಾರಿಗಳು ತೆರೆದು ಓದಿ, ಮುಖ್ಯವೆನಿಸಿದ ಭಾಗಗಳನ್ನು ಇಂಗ್ಲಿಷಿಗೆ ತಿರುಗಿಸಿ ವರದಿ ಮಾಡುತ್ತಿದ್ದರು. ಸಿಪಾಯಿಗಳ ಮನಸ್ಸು ಸರಕಾರದ ವಿರುದ್ಧ ತಿರುಗುತ್ತಿದೆಯೇ ಎಂಬುದನ್ನು ತಿಳಿಯುವುದು ಅವರ ಉದ್ದೇಶ. ಆ ವರದಿಗಳು ಇಂದಿಗೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಪ್ರೀತಿಯಿಂದ ಬರೆದ ಮೂಲ ಕಾಗದಗಳು ಬಹುಮಟ್ಟಿಗೆ ಮಣ್ಣುಪಾಲಾದವು. ಸಂಶಯದಿಂದ ಮಾಡಿಕೊಂಡ ಟಿಪ್ಪಣಿಗಳು ಉಳಿದವು. ಮನೆಯವರು ಕಾಯದಿದ್ದುದನ್ನು ಕಾವಲುಗಾರರು ಕಾದರು ಎನ್ನಬೇಕಾಗಿದೆ. ಇದಕ್ಕೆ ಪ್ರತಿಯಾಗಿ ಇನ್ನೊಂದು ಒಳ್ಳೆಯ ನಿದರ್ಶನವಿದೆ. ಎರಡನೆಯ ಮಹಾಯುದ್ಧವನ್ನು ಕಂಡವರ ನೆನಪುಗಳನ್ನು ಸಂಗ್ರಹಿಸಲು ಬಿ.ಬಿ.ಸಿ. ಸಂಸ್ಥೆಯು 2003ರಲ್ಲಿ ಜನರನ್ನೇ ಆಹ್ವಾನಿಸಿತು. 2006ರ ಹೊತ್ತಿಗೆ ಸುಮಾರು 47,000 ನೆನಪುಗಳು ಬಂದು ಸೇರಿದವು. ಗಣಕಯಂತ್ರವನ್ನು ಬಳಸಲು ಬಾರದ ಮುದುಕರ ಬಳಿ ಕುಳಿತು, ಅವರು ಹೇಳಿದುದನ್ನು ಬರೆದುಕೊಂಡವರು ಸಾಮಾನ್ಯ ಸ್ವಯಂಸೇವಕರು. ಸೇನಾಪತಿಗಳ ಚರಿತ್ರೆ ಮೊದಲೇ ಇದ್ದಿತು; ಅಡುಗೆಯವರ, ದಾದಿಯರ, ಚಿಕ್ಕ ಮಕ್ಕಳ ಚರಿತ್ರೆ ಹೀಗೆ ಸಿದ್ಧವಾಯಿತು.

ಕುಂದಗೋಳ ತಾಲೂಕಿಗೆ ಸೈನಿಕರ ನೆನಪು ದೂರದ ಸಂಗತಿಯಲ್ಲ. ಅದೇ ತಾಲೂಕಿನ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಮದ್ರಾಸ್ ರೆಜಿಮೆಂಟಿನ ಯೋಧರಾಗಿ 19,000 ಅಡಿಗಳಿಗೂ ಎತ್ತರದ ಸಿಯಾಚಿನ್ ನೆಲೆಯಲ್ಲಿದ್ದರು. 2016ರ ಫೆಬ್ರವರಿ 3ರಂದು ಹಿಮದ ಬಂಡೆ ಕುಸಿದು ಹತ್ತು ಮಂದಿ ಯೋಧರು ಅದರಡಿ ಸಿಲುಕಿದರು. ಆರು ದಿನಗಳ ಬಳಿಕ ಹಿಮವನ್ನು ಅಗೆದಾಗ ಹನುಮಂತಪ್ಪನವರು ಜೀವಂತವಾಗಿ ಸಿಕ್ಕರು. ಇಡೀ ದೇಶವು ಪ್ರಾರ್ಥಿಸಿತು. ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು. ಈ ಸುದ್ದಿಯನ್ನು ಆಕಾಶವಾಣಿ, ದೂರದರ್ಶನ, ಪತ್ರಿಕೆಗಳೆಲ್ಲ ಸಾರಿದವು. ಅದು ಉಳಿಯುತ್ತದೆ. ಆದರೆ ಇಂದಿನ ಯೋಧರು ಮನೆಗೆ ಕಾಗದ ಬರೆಯುವುದು ಅಪರೂಪ. ಸಿಗ್ನಲ್ ಸಿಕ್ಕಾಗ ಮೊಬೈಲಿನಲ್ಲಿ ಮಾತಾಡುತ್ತಾರೆ. ಅಜ್ಜನ ಕಾಲದಲ್ಲಿ ತಿಂಗಳಿಗೊಂದು ಕಾಗದ ಬರುತ್ತಿತ್ತು, ಅದು ಐವತ್ತು ವರ್ಷ ಉಳಿಯಿತು. ಮೊಮ್ಮಗನ ಕಾಲದಲ್ಲಿ ದಿನವೂ ಮಾತು ಬರುತ್ತದೆ, ಆದರೆ ಸಂಜೆಯ ಹೊತ್ತಿಗೆ ಅದು ಗಾಳಿಯಲ್ಲಿ ಕರಗಿಹೋಗಿರುತ್ತದೆ. ಸಂಪರ್ಕ ಹೆಚ್ಚಿದಂತೆ ಸಾಕ್ಷ್ಯ ಕಡಿಮೆಯಾಗುತ್ತಿರುವುದು ಈ ಯುಗದ ವಿಪರ್ಯಾಸ.

ಮನೆಯ ಕಾಗದಗಳಂತೆಯೇ ಬಹುಬೇಗ ಮರೆಯಾಗುವ ಮತ್ತೊಂದು ಬಗೆಯ ಕಾಗದವಿದೆ. ಅದು ಸುದ್ದಿಯ ಬರಹ. ಧಾರವಾಡದ ಆಕಾಶವಾಣಿ ಕೇಂದ್ರವು 1950ರ ಜನವರಿ 8ರಂದು ಆರಂಭವಾಯಿತು. ಹಳ್ಳಿಯ ಪಂಚಾಯಿತಿ ಕಟ್ಟೆಯಲ್ಲಿಯೂ ಚಹದಂಗಡಿಯಲ್ಲಿಯೂ ಜನ ಗುಂಪುಗೂಡಿ ಸುದ್ದಿಯನ್ನು ಕೇಳುತ್ತಿದ್ದರು. ಓದುವವರ ಮುಂದೆ ಇರುತ್ತಿದ್ದುದು ಕೆಲವೇ ಹಾಳೆಗಳು. ಚಿಕ್ಕ ವಾಕ್ಯಗಳು; ಕೊನೆಯ ಗಳಿಗೆಯಲ್ಲಿ ಹೊಡೆದುಹಾಕಿದ ಸಾಲುಗಳು; ಉಸಿರು ತೆಗೆದುಕೊಳ್ಳಬೇಕಾದ ಕಡೆ ಎಳೆದ ಗೆರೆಗಳು. ಹತ್ತು ನಿಮಿಷಗಳಲ್ಲಿ ಆ ಹಾಳೆಯ ಕೆಲಸ ಮುಗಿಯಿತು. ಮರುದಿನಕ್ಕೆ ಅದು ಹಳೆಯ ಸುದ್ದಿ. ಹಳೆಯ ಸುದ್ದಿಗೆ ಬೆಲೆಯಿಲ್ಲ. ಆದರೆ ಮೂವತ್ತು ವರ್ಷಗಳಾದ ಮೇಲೆ ಅದೇ ಹಾಳೆಗೆ ಮತ್ತೆ ಬೆಲೆ ಬರುತ್ತದೆ. ಅಂದು ಯಾವುದನ್ನು ಮೊದಲು ಹೇಳಿದರು, ಯಾವುದನ್ನು ಬಿಟ್ಟರು, ಯಾವ ಮಾತನ್ನು ಹೊಡೆದು ಯಾವ ಮಾತನ್ನು ಬರೆದರು ಎಂಬುದು ಆ ಕಾಲದ ಮನಸ್ಸನ್ನು ತೋರಿಸುತ್ತದೆ.

ನವಲಗುಂದದ ಉದಾಹರಣೆಯನ್ನು ನೋಡಬಹುದು. ಮಲಪ್ರಭಾ ನೀರಾವರಿ ಪ್ರದೇಶದ ರೈತರು ಅಭಿವೃದ್ಧಿ ಕರ ಮತ್ತು ನೀರಿನ ಕರಗಳ ಭಾರವನ್ನು ಪ್ರತಿಭಟಿಸಿ 1980ರಲ್ಲಿ ಚಳವಳಿ ಹೂಡಿದರು. ಆ ವರ್ಷದ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಗೋಲೀಬಾರು ನಡೆದು ಜೀವಗಳು ಹೋದವು. ಇಂದಿಗೂ ಪ್ರತಿವರ್ಷ ಅದೇ ದಿನ ರೈತರು ಅಲ್ಲಿ ಸೇರಿ ಹುತಾತ್ಮರಿಗೆ ಗೌರವ ಸಲ್ಲಿಸುತ್ತಾರೆ. ಇಂಥ ಘಟನೆಯನ್ನು ಸುದ್ದಿಯ ಬರಹವು ಸಂಖ್ಯೆಯಲ್ಲಿ, ಸ್ಥಳದಲ್ಲಿ, ಗಂಟೆಯಲ್ಲಿ ಹೇಳುತ್ತದೆ. ಅಂದು ಅಲ್ಲಿದ್ದ ರೈತನು ಬೇರೆಯದನ್ನೇ ನೆನೆಯುತ್ತಾನೆ: ಯಾರ ಚಕ್ಕಡಿಯಲ್ಲಿ ಬಂದೆವು, ಬುತ್ತಿಯಲ್ಲಿ ಏನಿತ್ತು, ಓಡುವಾಗ ಯಾವ ಮನೆಯವರು ಬಾಗಿಲು ತೆರೆದು ಒಳಗೆ ಕರೆದರು. ಬಂದೋಬಸ್ತಿಗೆ ನಿಂತಿದ್ದ ಪೊಲೀಸನ ನೆನಪು ಮೂರನೆಯದು. ಇವುಗಳಲ್ಲಿ ಯಾವುದೊಂದೂ ಪೂರ್ಣವಲ್ಲ, ಯಾವುದೊಂದೂ ವ್ಯರ್ಥವಲ್ಲ. ಸುದ್ದಿಗೆ ಅವಸರವುಂಟು, ನೆನಪಿಗೆ ಮರೆವುಂಟು, ಅಭಿಮಾನವುಂಟು. ಎಲ್ಲವನ್ನೂ ಒಂದೆಡೆ ಇರಿಸಿ ಹೋಲಿಸಿದಾಗ ಮಾತ್ರ ಸತ್ಯದ ಸಮೀಪಕ್ಕೆ ಹೋಗಬಹುದು.

ನೆನಪನ್ನು ಬರೆದುಕೊಳ್ಳುವುದಕ್ಕೂ ಒಂದು ಕ್ರಮವಿದೆ. ಹಳ್ಳಿಯ ಹಿರಿಯರಿಗೆ ಇಸವಿಯನ್ನು ಕೇಳಿದರೆ ತಡವರಿಸುತ್ತಾರೆ. 'ಗಾಂಧೀಜಿ ತೀರಿಕೊಂಡ ವರ್ಷ ನಿಮಗೆಷ್ಟು ವಯಸ್ಸು?' ಎಂದು ಕೇಳಿದರೆ ಹೇಳಬಲ್ಲರು. ಅದು 1948ನೆಯ ಇಸವಿಯೆಂದು ನಾವು ಬಲ್ಲೆವು. ಅವರ ಮಾತನ್ನು ಗ್ರಂಥಭಾಷೆಗೆ ತಿದ್ದಬಾರದು. 'ಬರತಿದ್ದಿಲ್ಲ' ಎಂದವರ ಬಾಯಲ್ಲಿ 'ಬರುತ್ತಿರಲಿಲ್ಲ' ಎಂದು ಬರೆದರೆ ಅರ್ಥ ಉಳಿಯುತ್ತದೆ, ಮನುಷ್ಯನು ಉಳಿಯುವುದಿಲ್ಲ. ನಡುವೆ ಬಾಯಿ ಹಾಕಬಾರದು. ಅತ್ತರೆ ಯಂತ್ರವನ್ನು ನಿಲ್ಲಿಸಿ ಕಾಯಬೇಕು. ಗ್ರಾಮೀಣ ಭಾರತದ ಜನರ ಬದುಕನ್ನು ಹೀಗೆ ಅವರ ಮಾತಿನಲ್ಲಿಯೇ ದಾಖಲಿಸಲೆಂದು ಪತ್ರಕರ್ತರಾದ ಪಿ. ಸಾಯಿನಾಥರು 2014ರ ಡಿಸೆಂಬರ್ 20ರಂದು ಒಂದು ಡಿಜಿಟಲ್ ಭಂಡಾರವನ್ನು ಆರಂಭಿಸಿದರು. ಅದರಲ್ಲಿ ನೇಕಾರರು, ಕುರುಬರು, ಕೂಲಿಗಳು ಇದ್ದಾರೆ; ಹೆಸರಾಗದೆ ಉಳಿದ ಸ್ವಾತಂತ್ರ್ಯ ಯೋಧರೂ ಇದ್ದಾರೆ. ಅದರ ಬರಹಗಳನ್ನು ಕನ್ನಡದಲ್ಲಿಯೂ ಓದಬಹುದು.

ಹಾಗಾದರೆ ಆ ಟ್ರಂಕಿನ ಗತಿ ಏನಾಯಿತು? ಹುಡುಗನು ತನ್ನ ಶಾಲೆಯ ಗುರುಗಳಿಗೆ ಸಂಗತಿಯನ್ನು ತಿಳಿಸಿದನು. ಕಾಗದಗಳು ಮನೆಯಿಂದ ಹೊರಗೆ ಹೋಗಬೇಕಾಗಿಲ್ಲ, ಅವುಗಳ ಚಿತ್ರಗಳನ್ನು ತೆಗೆದರೆ ಸಾಕು ಎಂದು ಅವರು ವಿವರಿಸಿದರು. ಹುಡುಗನು ಅದನ್ನು ಆಯಿಗೆ ಹೇಳಿದನು. "ಕಾಗದ ನಿನ್ನ ಹಂತ್ಯಾಕ ಇರತಾವು, ಆಯಿ. ನೆಳ್ಳ ಅಷ್ಟ ನಾ ತೊಗೊಳತೇನಿ" ಎಂದನು. ಆಕೆ ಒಂದು ದಿನವೆಲ್ಲ ಯೋಚಿಸಿ ಒಪ್ಪಿದಳು.

ಕೆಲಸ ಹೀಗೆ ನಡೆಯಿತು. ಮೊದಲು ಕಾಗದಗಳನ್ನು ನೆರಳಿನಲ್ಲಿ ಹರಡಿ, ಮೆತ್ತನೆಯ ಕುಂಚದಿಂದ ಧೂಳನ್ನು ಒರಸಿದರು. ಬಿಸಿಲಿಗೆ ಹಾಕಲಿಲ್ಲ, ಬಿಸಿಲು ಶಾಯಿಯನ್ನು ತಿನ್ನುತ್ತದೆ. ಹರಿದ ಕಡೆ ಅಂಟುಪಟ್ಟಿ ಹಚ್ಚಲಿಲ್ಲ. ಅದರ ಅಂಟು ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಕಾಗದವನ್ನೇ ಕೆಡಿಸುತ್ತದೆ. ಅಂಟಿಕೊಂಡಿದ್ದ ಎರಡು ಕಾಗದಗಳನ್ನು ಬಲವಂತದಿಂದ ಬಿಡಿಸದೆ ಹಾಗೆಯೇ ಇಟ್ಟರು. ಬಲ್ಲವರ ಕೈಗೆ ಅವು ಮುಂದೆಂದಾದರೂ ಸಿಗಬಹುದು. ಕಿಟಕಿಯ ಬೆಳಕಿನಲ್ಲಿ ಪ್ರತಿಯೊಂದರ ಎರಡೂ ಬದಿಯ ಚಿತ್ರವನ್ನು ತೆಗೆದರು. ವಿಳಾಸದ ಬದಿಯನ್ನು ಬಿಡಲಿಲ್ಲ; ಅಂಚೆಯ ಮುದ್ರೆ ಇರುವುದು ಅಲ್ಲಿಯೇ. ಪ್ರತಿ ಚಿತ್ರಕ್ಕೂ ಸಂಖ್ಯೆ ಕೊಟ್ಟು, ಯಾರಿಂದ, ಯಾರಿಗೆ, ಎಂದು, ಯಾವ ವಿಷಯ ಎಂದು ಒಂದು ಪಟ್ಟಿ ಬರೆದರು. ಈ ಪಟ್ಟಿಯಿಲ್ಲದ ಸಾವಿರ ಚಿತ್ರಗಳಿಗೂ ಬೀಗದ ಕೈ ಕಳೆದ ಪೆಟ್ಟಿಗೆಗೂ ಹೆಚ್ಚಿನ ಭೇದವಿಲ್ಲ. ಕೊನೆಗೆ ಮೂರು ಪ್ರತಿಗಳನ್ನು ಮಾಡಿ, ಒಂದನ್ನು ಮನೆಯಲ್ಲಿ, ಒಂದನ್ನು ಶಾಲೆಯಲ್ಲಿ, ಒಂದನ್ನು ಬೇರೊಂದು ಊರಿನ ಬಂಧುಗಳಲ್ಲಿ ಇರಿಸಿದರು. 2019ರ ಆಗಸ್ಟಿನ ಮಹಾಪೂರವನ್ನು ಕಂಡವರಿಗೆ ಇದರ ಅಗತ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಣ್ಣಿಹಳ್ಳ ಉಕ್ಕಿ ಬಂದರೆ ಕಾಗದವನ್ನೂ ಗಣಕಯಂತ್ರವನ್ನೂ ಒಂದೇ ಬಗೆಯಾಗಿ ನೆನೆಸುತ್ತದೆ.

ಡಿಜಿಟಲ್ ಮಾಡಿದೊಡನೆ ಎಲ್ಲವೂ ಶಾಶ್ವತವಾಯಿತೆಂದು ತಿಳಿಯುವುದು ಭ್ರಮೆ. ಧ್ವನಿಯನ್ನು ತುಂಬಿಟ್ಟ ಕ್ಯಾಸೆಟ್ಟುಗಳು ಬೂಸಲು ಹಿಡಿದಿವೆ. ಫ್ಲಾಪಿಗಳನ್ನು ಓದುವ ಯಂತ್ರಗಳು ಸಂತೆಯಲ್ಲಿ ಹುಡುಕಿದರೂ ಸಿಗಲಾರವು. ಕನ್ನಡಕ್ಕೆ ಇನ್ನೊಂದು ಕಷ್ಟವೂ ಇತ್ತು. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತಕ್ರಮವನ್ನು ಕೊಡುವ ಯೂನಿಕೋಡಿನಲ್ಲಿ ಕನ್ನಡವು 1991ರ ಮೊದಲ ಆವೃತ್ತಿಯಲ್ಲಿಯೇ ಸೇರಿದ್ದರೂ, ಬಹುಕಾಲ ನಮ್ಮಲ್ಲಿ ಬೇರೆ ಬೇರೆ ಸಂಕೇತಗಳ ಅಕ್ಷರಗಳು ಬಳಕೆಯಲ್ಲಿದ್ದವು. ಅವುಗಳಲ್ಲಿ ಬರೆದಿಟ್ಟ ಎಷ್ಟೋ ಬರಹಗಳು ಇಂದು ಹೊಸ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳಾಗಿ ತೋರುತ್ತವೆ. ಇಪ್ಪತ್ತು ವರ್ಷದ ಹಿಂದಿನ ಗಣಕ ಬರಹ ಓದಲು ಬಾರದು, ನೂರು ವರ್ಷದ ಹಿಂದಿನ ಅಂಚೆ ಕಾರ್ಡು ಓದಲು ಬರುತ್ತದೆ! ಆದುದರಿಂದ ಮೂಲವನ್ನು ಎಸೆಯಬಾರದು. ಪ್ರತಿಯನ್ನು ಕೆಲವು ವರ್ಷಗಳಿಗೊಮ್ಮೆ ಹೊಸ ರೂಪಕ್ಕೆ ಇಳಿಸುತ್ತಿರಬೇಕು. ಓಲೆಗರಿಯ ಕಾಲದಲ್ಲಿಯೂ ಇದೇ ನಿಯಮವಿತ್ತು. ಗರಿ ಜೀರ್ಣವಾಗುವ ಮುನ್ನ ಯಾರಾದರೊಬ್ಬರು ಕುಳಿತು ಪ್ರತಿ ಮಾಡುತ್ತಿದ್ದರು. ಪ್ರತಿಯಾದುದು ಉಳಿಯಿತು, ಪ್ರತಿಯಾಗದುದು ಅಳಿಯಿತು.

ಧಾರವಾಡದಲ್ಲಿಯೇ 1880ರಲ್ಲಿ ಹುಟ್ಟಿದ ಫ.ಗು. ಹಳಕಟ್ಟಿಯವರು ವಕೀಲಿ ವೃತ್ತಿಯ ನಡುವೆ ಮನೆಮನೆಗೆ ಅಲೆದು ವಚನಗಳ ಓಲೆಗರಿಗಳನ್ನು ಕೂಡಿಸಿ, 1923ರಲ್ಲಿ 'ವಚನಶಾಸ್ತ್ರ ಸಾರ'ವನ್ನು ಹೊರತಂದರು. ಅನೇಕ ಮನೆಗಳಲ್ಲಿ ಆ ಗರಿಗಳು ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದವು. ಒಳಗೇನಿದೆಯೆಂಬುದನ್ನು ಬಿಚ್ಚಿ ನೋಡಿದವರು ವಿರಳ. ಪೂಜಿಸುವುದು ಬೇರೆ, ಓದುವುದು ಬೇರೆ. ಟ್ರಂಕಿನಲ್ಲಿಟ್ಟು ಕಾಪಾಡುವುದು ಬೇರೆ, ಬಿಚ್ಚಿ ಬೆಳಕಿಗೆ ಹಿಡಿಯುವುದು ಬೇರೆ.

ಇಂಥ ಕೆಲಸದಲ್ಲಿ ಹಕ್ಕಿನ ಪ್ರಶ್ನೆಯೂ ಏಳುತ್ತದೆ. ಕಾಗದಗಳಲ್ಲಿ ಸಾಲದ ಮಾತಿರುತ್ತದೆ, ದಾಯಾದಿಗಳ ಜಗಳವಿರುತ್ತದೆ, ಮೂರನೆಯವರ ಮಾನದ ಸಂಗತಿಯಿರುತ್ತದೆ. ಅವುಗಳನ್ನು ಲೋಕಕ್ಕೆಲ್ಲ ತೆರೆದಿಡುವ ಮೊದಲು ಮನೆಯವರ ಒಪ್ಪಿಗೆ ಬೇಕು. ಕುಂದಗೋಳ ತಾಲೂಕಿನ ಆ ಮುದುಕಿಯೂ ಚಿತ್ರ ತೆಗೆಯುವ ದಿನ ಗಂಟಿನಿಂದ ಒಂದು ಕಾಗದವನ್ನು ಎತ್ತಿ ಸೆರಗಿನಲ್ಲಿ ಇಟ್ಟುಕೊಂಡಳು. ಓದು ಬಾರದಿದ್ದರೂ ಅದು ಯಾವುದೆಂದು ಆಕೆಗೆ ತಿಳಿದಿತ್ತು. ಮಡಿಕೆಯ ಗುರುತೋ, ಕಲೆಯ ಗುರುತೋ.

"ಇದು ಬ್ಯಾಡಪಾ. ಇದು ನನ್ನ ಜೋಡಿನ ಬರಲಿ" ಎಂದಳು.

ಹುಡುಗನು ಒತ್ತಾಯ ಮಾಡಲಿಲ್ಲ. ಪಟ್ಟಿಯಲ್ಲಿ ಮಾತ್ರ ಒಂದು ಸಾಲು ಸೇರಿಸಿದನು: 'ಪತ್ರ 31. ಮನೆಯಲ್ಲಿದೆ. ಪ್ರತಿ ತೆಗೆದಿಲ್ಲ.' ಗುರುಗಳು ಅದನ್ನು ನೋಡಿ, ಪಟ್ಟಿಯಲ್ಲೆಲ್ಲ ಬಹಳ ಚೆನ್ನಾಗಿ ಬರೆದ ಸಾಲು ಇದೇ ಎಂದರು. ಇರುವುದನ್ನು ಇದೆಯೆಂದು ಬರೆಯುವಂತೆ, ಇಲ್ಲದುದನ್ನು ಇಲ್ಲವೆಂದು ಬರೆಯುವುದೂ ಪ್ರಾಮಾಣಿಕತೆಯೇ. ಹರಿದುಹಾಕಿದ ಸಾವಿನ ಕಾರ್ಡುಗಳಿಗೆ ಅಂಥ ಒಂದು ಸಾಲನ್ನಾದರೂ ಹಿಂದೆ ಯಾರೂ ಬರೆದಿಡಲಿಲ್ಲ.

ಇವೆಲ್ಲ ಸಣ್ಣ ಮನೆತನಗಳ ಸಂಗತಿ, ಇವುಗಳಿಂದ ನಾಡಿನ ಚರಿತ್ರೆಗೆ ಏನು ಲಾಭ ಎಂದು ಕೇಳುವವರುಂಟು. ಅವರು ಅಣ್ಣಿಗೇರಿಯನ್ನು ನೆನೆಯಬೇಕು. ಹತ್ತನೆಯ ಶತಮಾನದ ಆದಿಕವಿ ಪಂಪನಿಗೂ ಅಣ್ಣಿಗೇರಿಗೂ ಇದ್ದ ನಂಟನ್ನು ಸ್ಪಷ್ಟವಾಗಿ ತಿಳಿಸಿದುದು ಯಾವ ಅರಸನ ಶಾಸನವೂ ಅಲ್ಲ. ಪಂಪನ ತಮ್ಮ ಜಿನವಲ್ಲಭನು ಇಂದಿನ ತೆಲಂಗಾಣದಲ್ಲಿರುವ ಕುರ್ಕ್ಯಾಲದ ಬಂಡೆಯ ಮೇಲೆ ಕೆತ್ತಿಸಿದ ಬರಹವದು. ತಮ್ಮ ತಾಯಿ ಅಬ್ಬಣಬ್ಬೆಯು ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ಅದು ಹೇಳುತ್ತದೆ. ಒಬ್ಬ ತಮ್ಮನು ತನ್ನ ತಾಯಿಯ ತವರನ್ನು ಮರೆಯದೆ ಬರೆಯಿಸಿದನು. ಸಾವಿರ ವರ್ಷಗಳ ಮೇಲೆ ಒಂದು ಊರು ಆದಿಕವಿಯನ್ನು ತನ್ನ ಮಗಳ ಮಗನೆಂದು ಹೇಳಿಕೊಳ್ಳಲು ಅದೇ ಆಧಾರವಾಯಿತು. ಮನೆಯ ಮಾತು ನಾಡಿನ ಮಾತಾಗಲು ಅದು ಉಳಿದಿರಬೇಕು, ಅಷ್ಟೇ.

ಕುಂದಗೋಳ ತಾಲೂಕಿನ ಆ ಹಳ್ಳಿಯಲ್ಲಿ ಮಳೆಗಾಲಕ್ಕೆ ಮೊದಲು ಹಳೆಯ ಮನೆ ಕೆಡವಲ್ಪಟ್ಟಿತು. ಹೊಸ ಮನೆಗೆ ಅಟ್ಟವಿಲ್ಲ, ಗೂಟಗಳಿಲ್ಲ. ಕಪ್ಪು ಟ್ರಂಕು ಮುದುಕಿಯ ಮಂಚದ ಕೆಳಗೆ ಇದೆ. ಹಿತ್ತಲಿನಲ್ಲಿ ತಳಪಾಯ ತೆಗೆಯುವಾಗ ಕೆಲಸದವರು ನುಗ್ಗೆಯ ಗಿಡವನ್ನು ಕಡಿಯಲು ಹೋದರಂತೆ. ಹುಡುಗನು ಅಡ್ಡ ನಿಂತು, ಗೋಡೆಯನ್ನು ಎರಡು ಮೊಳ ಈಚೆಗೆ ಸರಿಸಿರೆಂದು ಹಟ ಹಿಡಿದನು. ಮನೆಯವರಿಗೆ ಕಾರಣ ತಿಳಿಯಲಿಲ್ಲ. ಮುದುಕಿಗೆ ತಿಳಿಯಿತು. ಈಗ ದಿನವೂ ಶಾಲೆಗೆ ಹೋಗುವ ಮುನ್ನ ಅವನು ಆ ಗಿಡಕ್ಕೆ ಒಂದು ಕೊಡ ನೀರು ಹಾಕಿ ಹೋಗುತ್ತಾನೆ.